ನರ್ಸಿಂಗ್ ನೋಂದಣಿ ಒಮ್ಮೆ ಆದರೆ ಸಾಕೇ? ಕೆಲಸ ಬಿಟ್ಟಿರುವ ವರ್ಷಗಳಲ್ಲಿ ಅದನ್ನು ಉಳಿಸಿಕೊಳ್ಳುವುದು ಹೇಗೆ?

ನೀವು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡು, ಸದ್ಯ ಒಂದು ಚಿಕ್ಕ ನರ್ಸಿಂಗ್ ಹೋಮ್‌ನಲ್ಲಿ ಕೆಲಸ ಮಾಡುತ್ತಿದ್ದೀರಿ. ಮದುವೆ ನಿಶ್ಚಯವಾಗಿದೆ, ಒಂದೆರಡು ವರ್ಷ ಕೆಲಸ ಬಿಡಬೇಕಾಗಬಹುದು, ಆಮೇಲೆ ದುಬೈಗೆ ಹೋಗುವ ಸಾಧ್ಯತೆಯೂ ಇದೆ. ಈ ನೋಂದಣಿ ಜೀವನಪರ್ಯಂತ ಇರುತ್ತದೆಯೇ, ಬಿಎಲ್‌ಎಸ್‌ನಂತಹ (ಹೃದಯ ನಿಂತವರಿಗೆ ಮಾಡುವ ಮೂಲ ಜೀವರಕ್ಷಣೆಯ) ತರಬೇತಿಗಳಿಗೆ ಹಣ ಕಟ್ಟುವುದು ಸಾರ್ಥಕವೇ ಎಂಬುದು ನಿಮ್ಮ ಪ್ರಶ್ನೆ. ವಾರ್ಡಿನಲ್ಲಿಯೂ ಐಸಿಯುನಲ್ಲಿಯೂ ಹಲವು ವರ್ಷ ದುಡಿದು, ಈಗ ಆಸ್ಪತ್ರೆಯೊಂದರಲ್ಲಿ ಹೊಸದಾಗಿ ಸೇರುವ ಸಿಸ್ಟರ್‌ಗಳಿಗೆ ಮತ್ತು ಬ್ರದರ್‌ಗಳಿಗೆ ತರಬೇತಿ ಕೊಡುವ, ಅವರ ದಾಖಲೆಗಳನ್ನು ಪರಿಶೀಲಿಸುವ ಹೊಣೆ ಹೊತ್ತಿರುವುದರಿಂದ ನಿಮ್ಮ ಪ್ರಶ್ನೆ ನನಗೆ ಬಹಳ ಪರಿಚಿತ. ನೋಂದಣಿ ಜೀವನಪರ್ಯಂತ ಇರುವುದಿಲ್ಲ, ಆದರೆ ಅದನ್ನು ಉಳಿಸಿಕೊಳ್ಳುವುದು ಕಷ್ಟವೂ ಅಲ್ಲ. ಕಲಿತದ್ದನ್ನು ಮತ್ತು ದುಡಿದದ್ದನ್ನು ಆಯಾ ಕಾಲದಲ್ಲಿಯೇ ದಾಖಲಿಸಿಕೊಂಡು ಬಂದವರಿಗೆ ನವೀಕರಣವಾಗಲಿ ವಿದೇಶದ ಲೈಸೆನ್ಸ್ ಆಗಲಿ ತೊಡಕಾಗುವುದಿಲ್ಲ. ಎಲ್ಲವನ್ನೂ ಕೊನೆಯ ತಿಂಗಳಿಗೆ ಬಿಟ್ಟವರು ಪಡುವ ಪಾಡನ್ನು ನಾನು ಪ್ರತಿವರ್ಷ ನೋಡುತ್ತೇನೆ.

ಮೊದಲು ವ್ಯವಸ್ಥೆಯನ್ನು ತಿಳಿದುಕೊಳ್ಳಿ. ನಮ್ಮ ರಾಜ್ಯದಲ್ಲಿ 1961ರ ಕಾಯ್ದೆಯಡಿ ರಾಜ್ಯ ಕೌನ್ಸಿಲ್ ನರ್ಸ್‌ಗಳ ನೋಂದಣಿ ಪುಸ್ತಕವನ್ನು ನಿರ್ವಹಿಸುತ್ತದೆ. ಶಿಕ್ಷಣದ ಮಟ್ಟವನ್ನು ದೇಶಕ್ಕೆಲ್ಲ ಏಕರೂಪವಾಗಿ ನಿಗದಿಪಡಿಸುವ ಕೆಲಸ 1947ರ ಕಾಯ್ದೆಯಿಂದ ಹುಟ್ಟಿದ ಭಾರತೀಯ ನರ್ಸಿಂಗ್ ಕೌನ್ಸಿಲ್‌ನದು. ರಾಜ್ಯಗಳ ದಾಖಲೆಗಳನ್ನು ಒಂದೆಡೆ ತರಲು ಎನ್‌ಆರ್‌ಟಿಎಸ್ ಎಂಬ ಆನ್‌ಲೈನ್ ವ್ಯವಸ್ಥೆ ಬಂದಿದ್ದು, ಅದರಲ್ಲಿ ಪ್ರತಿಯೊಬ್ಬ ನರ್ಸ್‌ಗೂ ಎನ್‌ಯುಐಡಿ ಎಂಬ ವಿಶಿಷ್ಟ ಗುರುತಿನ ಸಂಖ್ಯೆ ದೊರೆಯುತ್ತದೆ. ಒಮ್ಮೆ ನೋಂದಣಿಯಾದರೆ ಮತ್ತೆ ಆ ಕಡೆ ತಲೆ ಹಾಕಬೇಕಿಲ್ಲ ಎಂದು ನಮ್ಮ ಹಿರಿಯರಲ್ಲಿ ಅನೇಕರು ಭಾವಿಸಿದ್ದರು, ಆದರೆ ಆ ಕಾಲ ಈಗ ಮುಗಿದಿದೆ. ಐದು ವರ್ಷಕ್ಕೊಮ್ಮೆ ನವೀಕರಣ ಮಾಡಿಸಬೇಕು, ಆ ಅವಧಿಯಲ್ಲಿ 150 ಗಂಟೆಗಳ ನಿರಂತರ ನರ್ಸಿಂಗ್ ಶಿಕ್ಷಣವನ್ನು, ಅಂದರೆ ನಾವೆಲ್ಲ ಸಿಎನ್‌ಇ ಎಂದು ಕರೆಯುವುದನ್ನು, ಪೂರೈಸಿರಬೇಕು ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್ ಹಾಕಿಕೊಟ್ಟ ನಿಯಮ. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿದ್ದು, ಹಳೆಯ ಕೇಂದ್ರ ಕಾಯ್ದೆಯ ಜಾಗಕ್ಕೆ ಬರಬೇಕಾದ ಈ ವ್ಯವಸ್ಥೆಯಲ್ಲಿಯೂ ರಾಜ್ಯ ಮತ್ತು ರಾಷ್ಟ್ರೀಯ ನೋಂದಣಿ ಪುಸ್ತಕಗಳಿವೆ. ಆದ್ದರಿಂದ ರಾಜ್ಯ ಕೌನ್ಸಿಲ್‌ನ ಜಾಲತಾಣದ ಪ್ರಕಟಣೆಗಳನ್ನು ಆಗಾಗ ನೋಡುತ್ತಿರಿ, ವಾಟ್ಸ್‌ಆ್ಯಪ್ ಗುಂಪಿನ ಸುದ್ದಿಯನ್ನು ಮಾತ್ರ ನಂಬಿ ಕೂರಬೇಡಿ.

150 ಗಂಟೆ ಎಂದೊಡನೆ ಬಹಳ ಜನ ಬೆಚ್ಚುತ್ತಾರೆ. ಲೆಕ್ಕ ಹಾಕಿದರೆ ವರ್ಷಕ್ಕೆ 30 ಗಂಟೆ, ತಿಂಗಳಿಗೆ ಎರಡೂವರೆ ಗಂಟೆ ಮಾತ್ರ. ದೊಡ್ಡ ಆಸ್ಪತ್ರೆಗಳು, ನರ್ಸಿಂಗ್ ಕಾಲೇಜುಗಳು, 1908ರಿಂದ ಕೆಲಸ ಮಾಡುತ್ತಿರುವ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾ ಮುಂತಾದವು ಕಾರ್ಯಾಗಾರಗಳನ್ನು ನಡೆಸುತ್ತವೆ. ಹಣ ಕಟ್ಟುವ ಮೊದಲು ಆ ಕಾರ್ಯಕ್ರಮಕ್ಕೆ ರಾಜ್ಯ ಕೌನ್ಸಿಲ್‌ನ ಮಾನ್ಯತೆ ಇದೆಯೇ, ಪ್ರಮಾಣಪತ್ರದಲ್ಲಿ ಗಂಟೆ ಅಥವಾ ಕ್ರೆಡಿಟ್ ನಮೂದಾಗುತ್ತದೆಯೇ ಎಂದು ಕೇಳಿಕೊಳ್ಳಿ. ಮಾನ್ಯತೆ ಇಲ್ಲದ ಕಾರ್ಯಾಗಾರದ ಚಂದದ ಪ್ರಮಾಣಪತ್ರ ನವೀಕರಣಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ಒಂದು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಬೆಳಿಗ್ಗೆ ಸಹಿ ಹಾಕಿ, ಊಟದ ಹೊತ್ತಿಗೆ ಹೊರಟು, ಸಂಜೆ ಗೆಳತಿಯ ಕೈಯಲ್ಲಿ ಪ್ರಮಾಣಪತ್ರ ತರಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ, ಅದಕ್ಕೆ ಅನುವು ಮಾಡಿಕೊಡುವ ಸಂಘಟಕರೂ ಇದ್ದಾರೆ. ಇದರಿಂದ ನಷ್ಟವಾಗುವುದು ರೋಗಿಗೆ. ಪೊಟ್ಯಾಸಿಯಂ ಕ್ಲೋರೈಡನ್ನು ದ್ರವದಲ್ಲಿ ಬೆರೆಸಿ ತೆಳುಗೊಳಿಸದೆ ನೇರವಾಗಿ ರಕ್ತನಾಳಕ್ಕೆ ಎಂದೂ ಕೊಡಬಾರದು ಎಂಬ ಪಾಠ ಯಾವ ಮಧ್ಯಾಹ್ನದ ತರಗತಿಯಲ್ಲಿ ಇತ್ತೋ, ಅದೇ ಮಧ್ಯಾಹ್ನ ನೀವು ಹೊರಟುಹೋಗಿರಬಹುದು. ನಿಮ್ಮ ವಾರ್ಡಿನಲ್ಲಿ ನಾಳೆ ಬೆಳಿಗ್ಗೆಯೇ ಬೇಕಾಗುವ ವಿಷಯಗಳನ್ನು, ಅಂದರೆ ಸೋಂಕು ನಿಯಂತ್ರಣ, ಔಷಧ ಸುರಕ್ಷತೆ, ಹೆರಿಗೆಯ ನಂತರದ ರಕ್ತಸ್ರಾವದ ನಿರ್ವಹಣೆ ಇಂತಹವನ್ನು ಆರಿಸಿಕೊಳ್ಳಿ.

ಕಲಿಕೆಯನ್ನು ದಾಖಲಿಸುವ ವಿಷಯದಲ್ಲಿ ಬ್ರಿಟನ್ನಿನ ಪದ್ಧತಿ ನನಗೆ ತುಂಬಾ ಹಿಡಿಸಿದೆ. ಅಲ್ಲಿನ ನರ್ಸಿಂಗ್ ಆ್ಯಂಡ್ ಮಿಡ್‌ವೈಫರಿ ಕೌನ್ಸಿಲ್ ಮೂರು ವರ್ಷಕ್ಕೊಮ್ಮೆ ರೀವ್ಯಾಲಿಡೇಷನ್, ಅಂದರೆ ನೋಂದಣಿಯ ಮರುದೃಢೀಕರಣ ಕೇಳುತ್ತದೆ. ನರ್ಸ್ ಆದವರು ಆ ಅವಧಿಯಲ್ಲಿ 450 ಗಂಟೆ ವೃತ್ತಿಯಲ್ಲಿ ದುಡಿದಿರಬೇಕು, 35 ಗಂಟೆ ಕಲಿತಿರಬೇಕು, ಅದರಲ್ಲಿ 20 ಗಂಟೆಯಾದರೂ ಇತರರೊಡನೆ ಸೇರಿ ಕಲಿತದ್ದಾಗಿರಬೇಕು. ತಮ್ಮ ಕೆಲಸದ ಬಗ್ಗೆ ಐದು ಅಭಿಪ್ರಾಯಗಳನ್ನು ಸಂಗ್ರಹಿಸಿ, ಐದು ಚಿಂತನಾ ಟಿಪ್ಪಣಿಗಳನ್ನು ಬರೆದು, ಅವನ್ನು ಇನ್ನೊಬ್ಬ ನೋಂದಾಯಿತ ನರ್ಸ್ ಜೊತೆ ಕುಳಿತು ಚರ್ಚಿಸಬೇಕು. ನಮ್ಮಲ್ಲಿ ಇದು ಕಡ್ಡಾಯವಿಲ್ಲದಿದ್ದರೂ ನನ್ನ ಬಳಿ ತರಬೇತಿಗೆ ಬರುವವರಿಗೆ ಒಂದು ನೋಟ್‌ಬುಕ್ ಇಡಲು ಹೇಳುತ್ತೇನೆ. ರಕ್ತ ಕೊಡಲು ಆರಂಭಿಸಿದ ಹತ್ತು ನಿಮಿಷದಲ್ಲಿ ರೋಗಿಗೆ ಚಳಿ ನಡುಕ ಬಂತು ಎಂದಿಟ್ಟುಕೊಳ್ಳಿ. ಮೊದಲು ರಕ್ತ ನಿಲ್ಲಿಸಿದೆವು, ರಕ್ತ ಹರಿಯುವ ಕೊಳವೆಯ ಸೆಟ್ ಬದಲಿಸಿ ನಾರ್ಮಲ್ ಸಲೈನ್‌ನಿಂದ ರಕ್ತನಾಳವನ್ನು ತೆರೆದಿಟ್ಟೆವು, ಡಾಕ್ಟರಿಗೆ ತಿಳಿಸಿದೆವು, ಚೀಲದ ಮೇಲಿನ ಚೀಟಿಯನ್ನೂ ರೋಗಿಯ ಕೈಪಟ್ಟಿಯನ್ನೂ ಮತ್ತೆ ಹೋಲಿಸಿ ನೋಡಿದೆವು, ಚೀಲವನ್ನು ಸೆಟ್ ಸಮೇತ ಬ್ಲಡ್ ಬ್ಯಾಂಕಿಗೆ ಕಳುಹಿಸಿದೆವು ಎಂದು ನಾಲ್ಕು ಸಾಲು ಬರೆಯಬಹುದು. ಅದರ ಕೆಳಗೆ, ಮೊದಲ 15 ನಿಮಿಷ ರೋಗಿಯ ಪಕ್ಕದಲ್ಲಿಯೇ ಇರಬೇಕೆಂದು ಏಕೆ ಹೇಳುತ್ತಾರೆ ಎಂಬುದು ಇಂದು ಹೇಗೆ ಮನದಟ್ಟಾಯಿತು ಎಂದು ಎರಡು ಸಾಲು ಸೇರಿಸಬೇಕು. ರೋಗಿಯ ಹೆಸರನ್ನಾಗಲಿ ಐಪಿ (ಒಳರೋಗಿ) ಸಂಖ್ಯೆಯನ್ನಾಗಲಿ ಬರೆಯಬಾರದು. ಇಂತಹ ಟಿಪ್ಪಣಿ ಬರೆದವರು ಸಂದರ್ಶನದಲ್ಲಿ ಮಾತನಾಡುವ ರೀತಿಯೇ ಬೇರೆಯಾಗಿರುತ್ತದೆ, ಏಕೆಂದರೆ ಅವರು ಪುಸ್ತಕದ ಸಾಲುಗಳನ್ನು ಒಪ್ಪಿಸದೆ ತಾವು ಕಂಡದ್ದನ್ನು ವಿವರಿಸುತ್ತಾರೆ.

ಬಿಎಲ್‌ಎಸ್ ಬಗ್ಗೆ ಕೇಳಿದ್ದೀರಿ. ನನ್ನ ಸ್ಪಷ್ಟ ಅಭಿಪ್ರಾಯವೆಂದರೆ, ಮೊದಲು ಹಣ ಖರ್ಚು ಮಾಡಬೇಕಾದದ್ದು ಇದಕ್ಕೇ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ ಕಾರ್ಡಿನ ಅವಧಿ ಎರಡು ವರ್ಷ. ಭಾರತೀಯ ಅರಿವಳಿಕೆ ತಜ್ಞರ ಬೆಂಬಲದ ಇಂಡಿಯನ್ ರಿಸಸಿಟೇಷನ್ ಕೌನ್ಸಿಲ್ ಕೂಡ ಇಂತಹ ತರಬೇತಿ ನೀಡುತ್ತದೆ, ಆದರೆ ವಿದೇಶಕ್ಕೆ ಹೋಗುವವರು ಆ ದೇಶದವರು ಯಾವ ಕಾರ್ಡನ್ನು ಒಪ್ಪುತ್ತಾರೆ ಎಂದು ನೋಡಿ ಸೇರಬೇಕು. ಎರಡೇ ವರ್ಷಕ್ಕೆ ಅವಧಿ ಮುಗಿಯುವುದು ಹಣ ಮಾಡುವ ದಾರಿ ಎಂದು ಗೊಣಗುವವರಿದ್ದಾರೆ. ತರಬೇತಿಯ ಗೊಂಬೆಯ ಮೇಲೆ ಅವರ ಕೈ ಇಡಿಸಿದರೆ ಕಾರಣ ತಾನಾಗಿ ತಿಳಿಯುತ್ತದೆ. ವಯಸ್ಕರ ಎದೆಯನ್ನು ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, 6 ಮೀರದಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು, ಪ್ರತಿ ಬಾರಿಯೂ ಎದೆ ಪೂರ್ತಿ ಮೇಲೇಳಲು ಬಿಡಬೇಕು, 30 ಒತ್ತುಗಳಿಗೆ ಎರಡು ಉಸಿರು ಕೊಡಬೇಕು. ಬಾಯಿಪಾಠವಾಗಿ ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಒಂದು ನಿಮಿಷ ದಾಟುವಷ್ಟರಲ್ಲಿ ಮೊಣಕೈ ಮಡಚಿಕೊಳ್ಳುತ್ತದೆ, ಭುಜದ ಭಾರವನ್ನು ರೋಗಿಯ ಎದೆಯ ಮೇಲೆಯೇ ಬಿಟ್ಟು ಒರಗುತ್ತಾರೆ, ಎದೆ ಮೇಲೇಳುವುದಿಲ್ಲ, ಹೃದಯಕ್ಕೆ ರಕ್ತ ಮರಳಿ ತುಂಬುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ಒತ್ತುವವರನ್ನು ಬದಲಿಸಬೇಕೆಂಬ ನಿಯಮ ಇದಕ್ಕಾಗಿಯೇ ಇದೆ. ತರಬೇತಿ ಮುಗಿದ ಕೆಲವೇ ತಿಂಗಳಿಗೆ ಆಳವೂ ವೇಗವೂ ತಪ್ಪುವುದನ್ನು ನಾನು ನಮ್ಮ ಅಣಕು ಅಭ್ಯಾಸಗಳಲ್ಲಿ ಕಾಣುತ್ತೇನೆ, ಆದ್ದರಿಂದ ಕಾರ್ಡಿನ ಅವಧಿ ಇನ್ನೂ ಇದ್ದರೂ ಸಿಕ್ಕ ಅವಕಾಶದಲ್ಲೆಲ್ಲ ಗೊಂಬೆಯ ಮೇಲೆ ಅಭ್ಯಾಸ ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಇದರ ಮುಂದಿನ ಹಂತದ ಜೀವರಕ್ಷಣಾ ತರಬೇತಿಯಾದ ಎಸಿಎಲ್‌ಎಸ್ ಅನ್ನು ಐಸಿಯು ಅಥವಾ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋದಾಗ ಮಾಡಿದರೆ ಸಾಕು. ದಿನವೂ ಇಸಿಜಿ ನೋಡದವರಿಗೆ ಅದು ಬೇಗ ಮರೆತುಹೋಗುತ್ತದೆ. ಮಕ್ಕಳ ವಿಭಾಗಕ್ಕೆ ಅದೇ ಬಗೆಯ ಪಿಎಎಲ್‌ಎಸ್ ಇದೆ. ಓದು ಮುಂದುವರಿಸುವ ಆಸೆಯಿದ್ದರೆ ತೀವ್ರ ನಿಗಾ, ಕ್ಯಾನ್ಸರ್, ನವಜಾತ ಶಿಶು ಆರೈಕೆ ಮೊದಲಾದ ವಿಷಯಗಳಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಕೋರ್ಸ್‌ಗಳಿವೆ, ನಾಲ್ಕಾರು ಬಿಡಿ ಕಾರ್ಯಾಗಾರಗಳಿಗಿಂತ ಇಂತಹ ಒಂದು ಕೋರ್ಸ್ ಹೆಚ್ಚು ತೂಕದ್ದು ಎಂಬುದು ನನ್ನ ಅನಿಸಿಕೆ.

ಈಗ ಕಾಗದಪತ್ರದ ವಿಷಯ. ನಮ್ಮ ರಾಜ್ಯದವರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಹೆಸರಿನ ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಕವಿತಾ ಕೆ', ಪದವಿ ಪತ್ರದಲ್ಲಿ 'ಕೆ ಕವಿತಾ', ಆಧಾರ್‌ನಲ್ಲಿ ಬರೀ 'ಕವಿತಾ', ಪಾಸ್‌ಪೋರ್ಟ್‌ನಲ್ಲಿ ತಂದೆಯ ಪೂರ್ಣ ಹೆಸರಿನೊಂದಿಗೆ 'ಕವಿತಾ ಕೃಷ್ಣಪ್ಪ' ಎಂದಿರುವ ಕಡತಗಳನ್ನು ನಾನು ಎಷ್ಟೋ ನೋಡಿದ್ದೇನೆ. ನಮಗೆ ಇವರೆಲ್ಲ ಒಬ್ಬಳೇ ಎಂದು ನೋಡಿದ ಕೂಡಲೇ ತಿಳಿಯುತ್ತದೆ, ಆದರೆ ದೂರದ ಕಚೇರಿಯಲ್ಲಿ ಕುಳಿತು ಪರಿಶೀಲಿಸುವವರಿಗೆ ಇವರು ನಾಲ್ವರು. ಕೌನ್ಸಿಲ್‌ನ ನೋಂದಣಿ ಪತ್ರದಲ್ಲಿ ಹೆಸರು, ಹುಟ್ಟಿದ ದಿನಾಂಕ ಎಸ್‌ಎಸ್‌ಎಲ್‌ಸಿಗೆ ಅಕ್ಷರಶಃ ಹೊಂದುತ್ತದೆಯೇ ಎಂದು ಇಂದೇ ನೋಡಿ. ತಪ್ಪಿದ್ದರೆ ಕೌನ್ಸಿಲ್‌ಗೆ ಅರ್ಜಿ ಕೊಟ್ಟು ತಿದ್ದಿಸಿ, ತಿದ್ದಲಾಗದ ಕಡೆ ಇಬ್ಬರೂ ಒಬ್ಬರೇ ಎಂಬ ನೋಟರಿ ಅಫಿಡವಿಟ್ ಮಾಡಿಸಿಡಿ. ಮದುವೆಯಾದ ಮಾತ್ರಕ್ಕೆ ಹೆಸರು ಬದಲಿಸಲೇಬೇಕೆಂಬ ಕಾನೂನಿಲ್ಲ. ಮನೆಯವರೊಂದಿಗೆ ಮಾತನಾಡಿ, ವೃತ್ತಿಯ ದಾಖಲೆಗಳಲ್ಲಿ ಇರುವ ಹೆಸರನ್ನೇ ಪಾಸ್‌ಪೋರ್ಟ್‌ನಲ್ಲಿಯೂ ಉಳಿಸಿಕೊಂಡರೆ ಮುಂದಿನ ದಾರಿ ಬಹಳ ಸುಗಮ.

ಅನುಭವ ಪತ್ರವೂ ಅಷ್ಟೇ ಮುಖ್ಯ. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ನಿಮ್ಮ ಹುದ್ದೆ, ಸೇರಿದ ಮತ್ತು ಬಿಟ್ಟ ದಿನಾಂಕ, ವಿಭಾಗ, ಹಾಸಿಗೆಗಳ ಸಂಖ್ಯೆ, ಪೂರ್ಣಕಾಲಿಕ ಕೆಲಸವೇ ಎಂಬ ವಿವರ, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ, ಸಂಪರ್ಕದ ಇಮೇಲ್ ಎಲ್ಲವೂ ಇರಲಿ. ದುಬೈ ಸೇರಿದಂತೆ ಗಲ್ಫ್‌ನ ಹಲವು ಆರೋಗ್ಯ ಪ್ರಾಧಿಕಾರಗಳು ಡೇಟಾಫ್ಲೋ ಎಂಬ ಸಂಸ್ಥೆಯ ಮೂಲಕ ಪದವಿ, ನೋಂದಣಿ, ಅನುಭವ ಮೂರನ್ನೂ ಮೂಲದಲ್ಲಿಯೇ ವಿಚಾರಿಸುತ್ತವೆ. ಅವರು ನಿಮ್ಮ ನರ್ಸಿಂಗ್ ಹೋಮ್‌ಗೆ ಬರೆದಾಗ ಉತ್ತರಿಸುವವರೇ ಇಲ್ಲದಿದ್ದರೆ, ಅಥವಾ ಅಷ್ಟರಲ್ಲಿ ಅದು ಮುಚ್ಚಿಹೋಗಿದ್ದರೆ, ನೀವು ನಿಜವಾಗಿ ದುಡಿದ ವರ್ಷಗಳು ಲೆಕ್ಕಕ್ಕೆ ಸಿಗದೆ ಹೋಗಬಹುದು. ಚಿಕ್ಕ ಆಸ್ಪತ್ರೆಗಳಲ್ಲಿ ಈ ಅಪಾಯ ಹೆಚ್ಚು. ನೇಮಕಾತಿ ಪತ್ರ, ಸಂಬಳ ಬ್ಯಾಂಕಿಗೆ ಜಮೆಯಾದ ದಾಖಲೆ, ಪಿಎಫ್ ಇದ್ದರೆ ಅದರ ವಿವರ ಇವನ್ನೆಲ್ಲ ಜೋಪಾನವಾಗಿಡಿ. ಕೆಲಸ ಬಿಡುವ ದಿನವೇ ಅನುಭವ ಪತ್ರ ಕೈಗೆ ಬರಬೇಕು, ಆಮೇಲೆ ಕಳುಹಿಸುತ್ತೇವೆ ಎಂಬ ಭರವಸೆಯ ಮೇಲೆ ಹೊರಡಬೇಡಿ.

ವಿದೇಶದ ಲೈಸೆನ್ಸ್‌ಗೆ ದಾಖಲೆ ಪರಿಶೀಲನೆಯ ಜೊತೆಗೆ ಕಂಪ್ಯೂಟರ್ ಪರೀಕ್ಷೆಯೂ ಇರುತ್ತದೆ, ಅಲ್ಲಿ ಸೇರಿದ ಮೇಲೆ ಅಲ್ಲಿನ ನವೀಕರಣಕ್ಕೆ ಬೇರೆಯೇ ಕಲಿಕೆಯ ಗಂಟೆಗಳು ಬೇಕಾಗುತ್ತವೆ. ಆದರೆ ಆ ಲೈಸೆನ್ಸ್ ಬಂತೆಂದು ಕರ್ನಾಟಕದ ನೋಂದಣಿಯನ್ನು ಕೈಬಿಡಬೇಡಿ. ದೇಶದಿಂದ ದೇಶಕ್ಕೆ ಹೋಗುವಾಗ ನಿಮ್ಮ ನೋಂದಣಿ ಸರಿಯಾಗಿದೆ, ದೂರುಗಳಿಲ್ಲ ಎಂದು ಮೂಲ ಕೌನ್ಸಿಲ್ ಕೊಡುವ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರ ಕೇಳುತ್ತಾರೆ, ನೋಂದಣಿಯ ಅವಧಿ ಮುಗಿದಿದ್ದರೆ ಆಗ ವಿದೇಶದಿಂದಲೇ ಅದಕ್ಕಾಗಿ ಓಡಾಡಬೇಕಾಗುತ್ತದೆ. ಒಂದು ವೇಳೆ ಮದುವೆಯ ನಂತರ ಬೇರೆ ರಾಜ್ಯದಲ್ಲಿ ನೆಲೆಸಿ ಅಲ್ಲಿ ಕೆಲಸಕ್ಕೆ ಸೇರುವುದಾದರೆ, ನಮ್ಮ ಕೌನ್ಸಿಲ್‌ನಿಂದ ನಿರಾಕ್ಷೇಪಣಾ ಪತ್ರ ಪಡೆದು ಆ ರಾಜ್ಯದ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು.

ಕೆಲಸ ಬಿಟ್ಟಿರುವ ಅವಧಿಯ ಬಗ್ಗೆ ನಿಮ್ಮ ಆತಂಕ ಸಹಜ. ಮನೆಯಲ್ಲಿದ್ದೀರಿ ಎಂಬ ಕಾರಣಕ್ಕೆ ನವೀಕರಣದ ದಿನಾಂಕ ಮುಂದೆ ಹೋಗುವುದಿಲ್ಲ, ಆದರೆ ಮಾನ್ಯತೆಯುಳ್ಳ ಕಾರ್ಯಾಗಾರಕ್ಕೆ ಹೋಗಲು ಕೆಲಸದಲ್ಲಿಯೇ ಇರಬೇಕೆಂದೇನೂ ಇಲ್ಲ. ಅವಕಾಶವಾದರೆ ಸಂಪೂರ್ಣ ಬಿಡುವ ಬದಲು ಹತ್ತಿರದ ಆಸ್ಪತ್ರೆಯಲ್ಲಿ ವಾರಕ್ಕೆ ಕೆಲವು ಪಾಳಿಯಾದರೂ ಪತ್ರಸಹಿತ ದುಡಿಯಿರಿ, ಏಕೆಂದರೆ ನೇಮಿಸಿಕೊಳ್ಳುವವರು ಇತ್ತೀಚಿನ ಅನುಭವವನ್ನೇ ಮೊದಲು ಕೇಳುತ್ತಾರೆ, ಅಂತರ ಹೆಚ್ಚಿದಷ್ಟೂ ಪ್ರಶ್ನೆಗಳೂ ಹೆಚ್ಚುತ್ತವೆ. ಮದುವೆಯ ಗಡಿಬಿಡಿ ಶುರುವಾಗುವ ಮೊದಲು ಕಾಲೇಜಿಗೆ ಹೋಗಿ ಓದಿದ ವಿಷಯಗಳ, ಅಂಕಗಳ ವಿವರಪತ್ರವಾದ ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಹಾಕಿ, ನಿಮ್ಮ ಪದವಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ್ದಾದರೆ ಕರ್ನಾಟಕದಲ್ಲಿರುವಾಗಲೇ ಆ ಕೆಲಸ ಮುಗಿಸುವುದು ಒಳ್ಳೆಯದು. ಎಲ್ಲ ಮೂಲಪತ್ರಗಳನ್ನು ಸ್ಕ್ಯಾನ್ ಮಾಡಿ ನಿಮ್ಮ ಸ್ವಂತ ಇಮೇಲ್‌ನಲ್ಲಿ ಇಟ್ಟುಕೊಳ್ಳಿ, ಕೌನ್ಸಿಲ್‌ನಲ್ಲಿ ಕೊಟ್ಟಿರುವ ಮೊಬೈಲ್ ಸಂಖ್ಯೆಯನ್ನು ಬದಲಿಸಿದರೆ ಅಲ್ಲಿಯೂ ತಿದ್ದಿಸಿ, ಮತ್ತು ನೋಂದಣಿಯ ಅವಧಿ ಮುಗಿಯುವುದಕ್ಕೆ ಆರು ತಿಂಗಳಿರುವಾಗಲೇ ನವೀಕರಣದ ಅರ್ಜಿಯ ಸಿದ್ಧತೆ ಆರಂಭಿಸಿ.