ವಿದ್ಯಾರ್ಥಿಗಳ ಸಂಶೋಧನಾ ಪ್ರಬಂಧಕ್ಕೆ ಅಂಕ ಕೊಡುವಾಗ ಮೊದಲು ಏನನ್ನು ನೋಡಬೇಕು?

ಮೊದಲು ವಾದವನ್ನು, ಆಮೇಲೆ ಭಾಷೆಯನ್ನು. ಕಾಗುಣಿತದ ತಪ್ಪುಗಳಿಗೆ ಗೆರೆ ಎಳೆಯುತ್ತ ಪುಟವೆಲ್ಲ ಕೆಂಪಾದರೆ ವಿದ್ಯಾರ್ಥಿಗೆ ಮುಖ್ಯ ದೋಷವೇ ಕಾಣುವುದಿಲ್ಲ. ವಾದ ಹುಟ್ಟುವುದು ಸ್ಪಷ್ಟ ಪ್ರಶ್ನೆಯಿಂದ. ‘ಮೊಬೈಲ್ ಬಳಕೆಯ ಪರಿಣಾಮಗಳು’ ಎಂಬುದು ಬರೀ ವಿಷಯ. ‘ಮಲಗುವ ಮುನ್ನ ಮೊಬೈಲ್ ನೋಡುವ ಹದಿಹರೆಯದವರಿಗೆ ನಿದ್ರೆ ತಡವಾಗುತ್ತದೆಯೇ?’ ಎಂಬುದು ಪ್ರಶ್ನೆ. ಅದಕ್ಕೆ ಪುರಾವೆ ಹುಡುಕಬಹುದು. ಪ್ರಶ್ನೆಯೇ ಇಲ್ಲದಿದ್ದರೆ ಉಲ್ಲೇಖಗಳು ಎಷ್ಟಿದ್ದರೂ ಅವು ಬರೀ ಜೋಡಣೆ. ಪ್ರತಿ ಉಲ್ಲೇಖದ ಬೆನ್ನಿಗೆ ವಿದ್ಯಾರ್ಥಿಯ ಸ್ವಂತ ವಾಕ್ಯವೊಂದು ಇದೆಯೇ ಎಂದು ನಾನು ಹುಡುಕುತ್ತೇನೆ. ಅಲ್ಲಿಯೇ ಅವರ ಯೋಚನೆ ತಿಳಿಯುತ್ತದೆ. ಮೂಲವನ್ನು ಹೆಸರಿಸದೆ ಪದಗಳನ್ನಷ್ಟೇ ಬದಲಿಸಿದರೂ ಅದು ಕೃತಿಚೌರ್ಯವೇ.

ಬರೆಯಲು ಕೂರುವ ಮೊದಲೇ ಅಂಕದ ಮಾನದಂಡ ವಿದ್ಯಾರ್ಥಿಗಳ ಕೈಯಲ್ಲಿರಲಿ. ಟಿಪ್ಪಣಿಗಳನ್ನು ಕರಡಿನ ಹಂತದಲ್ಲೇ ಕೊಡಿ. ಅಂಕ ಬಿದ್ದ ಮೇಲೆ ಎಷ್ಟು ಒಳ್ಳೆಯ ಸಲಹೆ ಕೊಟ್ಟರೂ ಆ ಪ್ರಬಂಧವನ್ನು ತಿದ್ದಿಕೊಳ್ಳಲು ಅವಕಾಶವಿರುವುದಿಲ್ಲ.