ಊಟಿಯ ಹಲಗೆ ಮನೆ ಚಳಿಗಾಲದಲ್ಲಿ ಬೆಚ್ಚಗಿರಲು ಏನು ಮಾಡಬೇಕು?

ಹೀಟರ್ ಕೊಳ್ಳುವ ಮೊದಲು ಒಂದು ಊದುಬತ್ತಿ ಹಚ್ಚಿ. ನಾನು ತಮಾಷೆ ಮಾಡುತ್ತಿಲ್ಲ. ಗಾಳಿ ಬೀಸುವ ರಾತ್ರಿ ಅದನ್ನು ಕಿಟಕಿ ಚೌಕಟ್ಟು, ಬಾಗಿಲ ಅಡಿ, ಹಲಗೆಗಳ ಸಂದುಗಳ ಬಳಿ ನಿಧಾನವಾಗಿ ಸರಿಸಿ. ಹೊಗೆ ಎಲ್ಲಿ ಅಡ್ಡಕ್ಕೆ ಓಡುತ್ತದೋ ಅಲ್ಲಿಂದಲೇ ಚಳಿ ನುಗ್ಗುತ್ತಿದೆ.

ಮರದ ತಪ್ಪೇನಿಲ್ಲ. ಒಂದಿಂಚಿನ ಹಲಗೆ ಶಾಖ ತಡೆಯುವುದರಲ್ಲಿ ಹೆಚ್ಚುಕಡಿಮೆ 5 ಇಂಚಿನ ಇಟ್ಟಿಗೆ ಗೋಡೆಗೆ ಸಮ. ಆದರೆ ಮರ ಮಳೆಗೆ ಉಬ್ಬಿ, ಒಣಹವೆಗೆ ಕುಗ್ಗಿ, ಸಂದು ಬಿಡುತ್ತದೆ. ಮರದ ಹೊಟ್ಟನ್ನು ಫೆವಿಕಾಲ್‌ನಲ್ಲಿ ಕಲಸಿ ಸಣ್ಣ ಸಂದುಗಳಿಗೆ ತುಂಬಿ. ಕಿಟಕಿಗೆ ರಬ್ಬರ್ ಬೀಡಿಂಗ್, ಬಾಗಿಲ ಬುಡಕ್ಕೆ ಸುತ್ತಿದ ಹಳೇ ಕಂಬಳಿ ಸಾಕು.

ಆಮೇಲೆ ತಲೆಯ ಮೇಲೆ ನೋಡಿ. ಬಿಸಿಗಾಳಿ ಮೇಲೇರಿ ಶೀಟಿನ ಮಾಡಿಗೆ ತಾಗಿ ತಣ್ಣಗಾಗುತ್ತದೆ. ಅಟ್ಟದ ಮೇಲೆ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ, ಶಾಖ ತಡೆಯುವ ಉಣ್ಣೆಯಂಥ ಹಾಸು) ಹಾಸಿದರೆ ಖರ್ಚು ಮಾಡಿದ್ದಕ್ಕೆ ಸಾರ್ಥಕ. ಥರ್ಮಾಕೋಲ್ ಅಗ್ಗ ನಿಜ, ಬೆಂಕಿ ತಗುಲಿದರೆ ಮಾತ್ರ ಕಷ್ಟ. ಮರದ ಮನೆಗೆ ನಾನಂತೂ ಹಾಕಿಸುವುದಿಲ್ಲ. ನೆಲದ ಹಲಗೆಯಡಿಯ ಗಾಳಿಕಿಂಡಿಗಳನ್ನು ಮುಚ್ಚಬೇಡಿ, ತೇವ ಕೂತು ತೊಲೆ ಕೊಳೆಯುತ್ತದೆ. ಮೇಲೆ ಚಾಪೆ, ಜಮಖಾನ ಹಾಸಿ.

ಬಿಸಿಲಿದ್ದಾಗ ಪರದೆ ಸರಿಸಿ, 4 ಗಂಟೆಗೆಲ್ಲ ಮುಚ್ಚಿಬಿಡಿ.

ಇಷ್ಟಾದ ಮೇಲೂ ಚಳಿಯೆನಿಸಿದರೆ ಹೀಟರ್. 1000 ವ್ಯಾಟಿನದು ಬಿಡದೆ ಉರಿದರೆ ಗಂಟೆಗೆ 1 ಯೂನಿಟ್. ಇದ್ದಿಲ ಅಗ್ಗಿಷ್ಟಿಕೆಯನ್ನು ಮಾತ್ರ ಮಲಗುವ ಕೋಣೆಗೆ ತರಲೇಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಸಂದುಗಳನ್ನೆಲ್ಲ ಮುಚ್ಚಿದ ಮನೆಯಲ್ಲಿ ಮಲಗಿದವರು ಏಳದೇ ಹೋಗಬಹುದು.