ಬೆಲ್ಲದಂಗಡಿ ಬೋರ್ಡಿಗೆ ಏಳು ಸಾಲು ಬೇಡ

ಪಾಂಡವಪುರ–ಮೇಲುಕೋಟೆ ರಸ್ತೆ ಪಕ್ಕದ ಬೆಲ್ಲದಂಗಡಿಗೆ 10×4 ಅಡಿ ಫ್ಲೆಕ್ಸಲ್ಲಿ ಏಳು ಸಾಲು, ಎರಡು ಫೋನ್ ನಂಬರ್ ಹಾಕಿಸಬಹುದಾ ಅಂತ ಕೇಳಿದ್ದೀರಿ. ಬೇಡ. 60 ಕಿ.ಮೀ. ವೇಗದ ಕಾರು ಮೂರು ಸೆಕೆಂಡಿಗೆ 50 ಮೀಟರ್ ದಾಟುತ್ತೆ. ಅಷ್ಟು ದೂರದಿಂದ ಸಲೀಸಾಗಿ ಓದಬೇಕಾದ್ರೆ ಅಕ್ಷರ 16 ಇಂಚಾದರೂ ಇರಬೇಕು, 10 ಅಡಿ ದೂರಕ್ಕೆ ಒಂದಿಂಚು ಎತ್ತರದ ಲೆಕ್ಕ (50 ಮೀಟರ್ ಅಂದ್ರೆ ಸುಮಾರು 164 ಅಡಿ). ಏಳು ಸಾಲಾದರೆ, ಸಾಲುಗಳ ನಡುವಿನ ಜಾಗ ಕಳೆದು ಅಕ್ಷರಕ್ಕೆ ಐದು ಇಂಚೂ ಸಿಗಲ್ಲ.

‘ಆಲೆಮನೆ ಬೆಲ್ಲ’ ಅಂತಷ್ಟೇ ದೊಡ್ಡದಾಗಿ ಬರೆಸಿ, ಕೆಳಗೆ ‘ಅಚ್ಚು, ಪುಡಿ’, ಒಂದು ಬಾಣದ ಗುರುತು. ‘ಲ್ಲ’ದ ಒತ್ತಿಗೆ ಕೆಳಗೆ ಅರ್ಧ ಅಕ್ಷರದಷ್ಟು ಜಾಗ ಬಿಡಿಸಿ, ಇಲ್ಲಾಂದ್ರೆ ಡಿಟಿಪಿಯವರು ಅಕ್ಷರಾನೇ ಚಪ್ಪಟೆ ಮಾಡಿ ತುರುಕ್ತಾರೆ. ಓಡೋ ಗಾಡಿಯಿಂದ ಯಾರೂ ನಂಬರ್ ಬರ್ಕೊಳ್ಳಲ್ಲ, ಅದು ಪೊಟ್ಟಣದ ಮೇಲಿರಲಿ. ಹಳದಿ ಮೇಲೆ ಕಪ್ಪು ಸಾಕು. ಪ್ರಿಂಟಿಗೆ ಕೊಡೋ ಮುಂಚೆ ಪ್ರೂಫನ್ನ ಫೋನಲ್ಲಿ ಉಗುರಿನಷ್ಟು ಚಿಕ್ಕದು ಮಾಡಿ ಓದಿ ನೋಡಿ.